ಮೂರು ಬೋಗುಣಿ ಎಣ್ಣೆ

ಎತ್ತಿನ ಗಾಡಿಯ ಕಾಲದಲ್ಲಿ ದೂರದ ಸಂತೆಗೆ ಹೊರಟ ರೈತನು ಬುತ್ತಿಯ ಗಂಟನ್ನು ಮರೆತರೂ ಮರೆತಾನು, ಕೀಲೆಣ್ಣೆಯ ಬಿದಿರು ಗೊಟ್ಟವನ್ನು ಮರೆಯುತ್ತಿರಲಿಲ್ಲ. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡಿದ ಆ ಕಪ್ಪು ಲೇಪವು ಅಚ್ಚಿಗೆ ಬೀಳದೆಹೋದರೆ ಚಕ್ರವು ಕಿರುಗುಟ್ಟುತ್ತಿತ್ತು. ಆ ಸದ್ದು ಗಾಡಿಯವನಿಗೂ ಕೇಳಿಸುತ್ತಿತ್ತು, ಎದುರಿಗೆ ಬಂದವರಿಗೂ ಕೇಳಿಸುತ್ತಿತ್ತು, "ಏನಯ್ಯಾ, ಎಣ್ಣೆ ಕಾಣಿಸಿ ಎಷ್ಟು ದಿನವಾಯಿತು?" ಎಂದು ನಾಲ್ಕು ಜನ ಕೇಳಿದ ಮೇಲೆ ನಾಚಿಕೆಗಾದರೂ ಅವನು ಗೊಟ್ಟವನ್ನು ಬಿಚ್ಚುತ್ತಿದ್ದನು. ಬಡ ಗಾಡಿಗೆ ಇದ್ದ ದೊಡ್ಡ ಗುಣ ಇದು: ತನಗೆ ಬೇಕಾದುದನ್ನು ಅದು ಕೂಗಿ ಕೇಳುತ್ತಿತ್ತು.

ಮೋಟಾರು ವಾಹನವು ಅಷ್ಟು ಮುಕ್ತ ಮನಸ್ಸಿನದಲ್ಲ. ಅದರ ಎಂಜಿನ್ನಿಗೇನೋ ಎಣ್ಣೆಯ ಮಟ್ಟವನ್ನು ನೋಡಲು ಒಂದು ಕಡ್ಡಿಯಿದೆ, ಎಚ್ಚರಿಸಲು ಕೆಂಪು ದೀಪವಿದೆ. ಆದರೆ ಗಾಲಿಗಳ ನಡುವೆ, ನೆಲದ ಕಡೆಗೆ ಮುಖಮಾಡಿ ದುಡಿಯುವ ಹಲ್ಲುಚಕ್ರಗಳ ಡಬ್ಬಿಗೆ ಸಾಮಾನ್ಯವಾಗಿ ಕಡ್ಡಿಯೂ ಇಲ್ಲ, ದೀಪವೂ ಇಲ್ಲ. ಅಲ್ಲಿಯ ಎಣ್ಣೆ ಕೆಟ್ಟರೆ ಅದು ಬಹಳ ದಿನ ಸುಮ್ಮನಿರುತ್ತದೆ. ಕೊನೆಗೆ ಬಾಯಿ ಬಿಡುವ ಹೊತ್ತಿಗೆ, ಮಾತು ಎಣ್ಣೆಯದಾಗಿರದೆ ಉಕ್ಕಿನದಾಗಿರುತ್ತದೆ.

ಮೂಡಿಗೆರೆಯ ಕಡೆಯ ಒಂದು ಕಾಫಿ ತೋಟದಲ್ಲಿ ಇಂಥ ಮಾತು ಕೇಳಿಸಿದ್ದು ದೀಪಾವಳಿಗೆ ನಾಲ್ಕು ದಿನ ಮುಂಚೆ. ತೋಟದ ಪಿಕಪ್ಪು ನಾಲ್ಕು ಗಾಲಿಗಳಿಗೂ ಶಕ್ತಿ ಹರಿಯುವ ಜಾತಿಯದು. ಮಳೆಗಾಲವಿಡೀ ಹಳ್ಳ ದಾಟಿ, ಕೆಸರು ತುಳಿದು, ಗೊಬ್ಬರವನ್ನೂ ಆಳುಗಳನ್ನೂ ಹೊತ್ತು ತಿರುಗಿದ್ದ ಗಾಡಿ. ಅದರ ಹಿಂಭಾಗದಿಂದ, ವೇಗ ಹೆಚ್ಚಿದಂತೆಲ್ಲ ಏರುವ, ದುಂಬಿಯ ಮೊರೆತದಂಥ ಒಂದು ಸದ್ದು ಹೊರಟಿತು. ಕಾಫಿ ಕೊಯಿಲು ಹೊಸ್ತಿಲಲ್ಲಿತ್ತು. ಗಾಡಿ ನಿಂತರೆ ಹಣ್ಣು ಪಲ್ಪಿಂಗ್ ಮನೆಗೆ ಬರುವಂತಿರಲಿಲ್ಲ.

ಯಜಮಾನರ ಸಿಟ್ಟು ನೇರವಾಗಿ ಡ್ರೈವರನ ಮೇಲೆ ಹರಿಯಿತು. ಹದಿನೆಂಟು ವರ್ಷದಿಂದ ಆ ಮನೆಯ ಗಾಡಿ ಹಿಡಿದವನು; ಆದರೂ ಸಿಟ್ಟಿಗೆ ವರ್ಷಗಳ ಲೆಕ್ಕವಿರುವುದಿಲ್ಲ.

"ಅಲ್ಲ ಮಾರಾಯ, ಒಣ ಡಾಂಬರಿನ ಮೇಲೂ ನಾಲ್ಕು ಗಾಲಿ ಹಾಕಿಕೊಂಡೇ ಓಡಿಸುತ್ತೀಯಂತೆ. ನೋಡಿದವರು ಹೇಳಿದ್ದಾರೆ. ಕ್ರೌನು ಮುರಿದರೆ ಯಾರಪ್ಪನ ಗಂಟು?"

"ಒಂದು ಸಲ ಮರೆತಿದ್ದೆ ಅಯ್ಯ, ಸುಳ್ಳು ಹೇಳುವುದಿಲ್ಲ. ಕೊಟ್ಟಿಗೆಹಾರದಿಂದ ಬಣಕಲ್‌ವರೆಗೆ. ತಿರುವಿನಲ್ಲಿ ಸ್ಟಿಯರಿಂಗು ಬಿಗಿದುಕೊಂಡಾಗ ಗೊತ್ತಾಗಿ ತೆಗೆದೆ. ಅವತ್ತು ಮಳೆಯೂ ಇತ್ತು."

"ಒಂದು ಸಲವೋ ನೂರು ಸಲವೋ, ದುರಸ್ತಿಯ ಖರ್ಚು ನಿನ್ನ ಸಂಬಳದಲ್ಲಿ ಮುರಿಯುತ್ತದೆ. ಕೊಯಿಲು ಮುಗಿದ ಮೇಲೆ ಬೇರೆ ಕಡೆ ನೋಡಿಕೊ."

ಡ್ರೈವರನು ಮರುಮಾತಾಡಲಿಲ್ಲ. ಅವನ ಮಗ ಆ ವರ್ಷವೇ ಕಾಲೇಜು ಸೇರಿದ್ದನು. ಅವನು ಕೀಲಿಕೈಯನ್ನು ಜಗಲಿಯ ಮೊಳೆಗೆ ತೂಗುಹಾಕಿ, ಅಂಗಳದಂಚಿನಲ್ಲಿ ಹೋಗಿ ನಿಂತುಕೊಂಡನು.

ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದಿದ್ದ ಮಗಳು ಎಂಜಿನಿಯರಿಂಗ್ ಓದುತ್ತಿದ್ದವಳು. ಅವಳು ತಂದೆಗೆ ಎದುರಾಡಲಿಲ್ಲ, ಒಂದೇ ಮಾತು ಹೇಳಿದಳು: "ಅಪ್ಪಯ್ಯ, ತೀರ್ಪು ಆಮೇಲೆ ಕೊಡಿ. ಮೊದಲು ಎಣ್ಣೆ ಇಳಿಸಿ ನೋಡೋಣ."

ಆ ಡಬ್ಬಿಗಳಲ್ಲಿ ನಡೆಯುವುದೇನೆಂಬುದನ್ನು ಇಲ್ಲಿ ಸ್ವಲ್ಪ ತಿಳಿದುಕೊಂಡರೆ ಮುಂದಿನ ಕಥೆ ಸುಲಭವಾಗುತ್ತದೆ.

ಗಾಡಿಯೊಂದು ತಿರುವಿನಲ್ಲಿ ಸಾಗುವಾಗ ಹೊರಬದಿಯ ಗಾಲಿಯು ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡು ಗಾಲಿಗಳ ನಡುವಣ ಅಂತರ ಒಂದೂವರೆ ಮೀಟರೆಂದು ಇಟ್ಟುಕೊಂಡರೆ, ಚಾರ್ಮಾಡಿ ಘಾಟಿಯ ಅರ್ಧವೃತ್ತಾಕಾರದ ಒಂದೊಂದು ತಿರುವಿನಲ್ಲಿಯೂ ಹೊರಗಿನ ಗಾಲಿಗೆ ಸುಮಾರು 4.7 ಮೀಟರಿನಷ್ಟು ಹೆಚ್ಚಿನ ಓಟ ಬೀಳುತ್ತದೆ. ಎರಡೂ ಗಾಲಿಗಳನ್ನು ಒಂದೇ ಕಂಬಿಗೆ ಬಿಗಿದಿದ್ದರೆ ಒಂದು ಉರುಳುವಾಗ ಇನ್ನೊಂದು ತರಚಿಕೊಂಡು ಬರಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಷಿಯಲ್. ಎರಡೂ ಗಾಲಿಗಳಿಗೆ ಶಕ್ತಿಯನ್ನು ಹಂಚುತ್ತಲೇ, ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಅದು ಎಡೆಮಾಡಿಕೊಡುತ್ತದೆ. ಫ್ರಾನ್ಸಿನ ಗಡಿಯಾರ ಕುಶಲಿ ಒನೆಸಿಫೋರ್ ಪೆಕ್ಯೂರನು 1820ರ ದಶಕದ ಕೊನೆಯಲ್ಲಿಯೇ ಇದನ್ನು ಉಗಿಬಂಡಿಗಾಗಿ ರೂಪಿಸಿದ್ದನು. 1886ರಲ್ಲಿ ಹಕ್ಕುಪತ್ರ ಪಡೆದ ಕಾರ್ಲ್ ಬೆಂಜ್‌ನ ಮೂರು ಗಾಲಿಯ ಮೋಟಾರು ಬಂಡಿಯಲ್ಲಿಯೂ ಡಿಫರೆನ್ಷಿಯಲ್ ಇದ್ದಿತು.

ನಾಲ್ಕು ಗಾಲಿಯ ಗಾಡಿಯಲ್ಲಿ ಇಂಥ ಕೂಟ ಮುಂದೊಂದು, ಹಿಂದೊಂದು. ಇವುಗಳ ನಡುವೆ, ಗೇರುಪೆಟ್ಟಿಗೆಯ ಬೆನ್ನಿಗೆ, ಮೂರನೆಯ ಪೆಟ್ಟಿಗೆಯೊಂದಿದೆ. ಅದೇ ಟ್ರಾನ್ಸ್‌ಫರ್ ಕೇಸು. ಗೇರುಪೆಟ್ಟಿಗೆಯಿಂದ ಬಂದ ಶಕ್ತಿಯನ್ನು ಹಿಂದಿನ ಅಚ್ಚಿಗೆ ಮಾತ್ರ ಕೊಡಬೇಕೋ, ಮುಂದಿನದಕ್ಕೂ ಹಂಚಬೇಕೋ ಎಂಬುದನ್ನು ನಿರ್ಧರಿಸುವುದು ಅದು. ಅದರ ಕೆಳ ಗೇರಿನಲ್ಲಿ ವೇಗ ಇಳಿದು ಎಳೆತ ಹೆಚ್ಚುತ್ತದೆ. ಎರಡನೆಯ ಮಹಾಯುದ್ಧದಲ್ಲಿ, 1941 ರಿಂದ 1945ರ ಅವಧಿಯಲ್ಲಿ, ಅಮೆರಿಕದಲ್ಲಿ ಆರು ಲಕ್ಷಕ್ಕೂ ಮಿಕ್ಕು ತಯಾರಾದ ಜೀಪುಗಳು ಈ ಏರ್ಪಾಟನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದವು. 1940ರ ದಶಕದ ಕೊನೆಯಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಮಲೆನಾಡಿನ ತೋಟಗಳಲ್ಲಿ ಜೀಪು ಮನೆಯ ಸದಸ್ಯನಂತಾಗಿಹೋದುದನ್ನು ಅಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇಂಥ ಅನೇಕ ಪೆಟ್ಟಿಗೆಗಳಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ವೇಗದ ಅಂತರವನ್ನು ಸರಿದೂಗಿಸುವ ಡಿಫರೆನ್ಷಿಯಲ್ ಇರುವುದಿಲ್ಲ. ಆದುದರಿಂದ ನಾಲ್ಕು ಗಾಲಿಯ ಗೇರು ಹಾಕಿದಾಗ ಎರಡು ಅಚ್ಚುಗಳೂ ಒಂದೇ ವೇಗಕ್ಕೆ ಕಟ್ಟುಬೀಳುತ್ತವೆ. ಕೆಸರಿನಲ್ಲಿ ಗಾಲಿ ಜಾರಿ ಈ ಬಿಗಿಯನ್ನು ಸಡಿಲಿಸಿಕೊಳ್ಳುತ್ತದೆ. ಒಣ ಡಾಂಬರಿನ ಮೇಲೆ ಜಾರಲು ಆಸ್ಪದವಿಲ್ಲದೆ ಬಿಗಿಯೆಲ್ಲ ಚಕ್ರದ ಹಲ್ಲುಗಳಿಗೂ ಶಾಫ್ಟುಗಳಿಗೂ ಬೀಳುತ್ತದೆ. ಯಜಮಾನರ ಆಪಾದನೆಗೆ ಇದ್ದ ಆಧಾರ ಇದು. ಆಪಾದನೆ ಬುಡವಿಲ್ಲದ್ದಾಗಿರಲಿಲ್ಲ, ನಿಜವೇ ಎಂಬುದು ಮಾತ್ರ ತಿಳಿಯಬೇಕಾಗಿತ್ತು.

ಮಗಳೂ ಡ್ರೈವರನೂ ಕೆಲಸಕ್ಕೆ ಇಳಿದರು. ಮೊದಲು ಗಾಡಿಯನ್ನು ತೋಟದ ರಸ್ತೆಯಲ್ಲಿಯೇ ನಿಧಾನವಾಗಿ ಒಂದು ಸುತ್ತು ಓಡಿಸಿ ತಂದರು. ಬೆಚ್ಚಗಾದ ಎಣ್ಣೆ ತೆಳುವಾಗಿ, ತಳದಲ್ಲಿ ಕುಳಿತ ಕಸವನ್ನೂ ಕೂಡಿಕೊಂಡು ಸರಾಗವಾಗಿ ಇಳಿಯುತ್ತದೆ. ಆಮೇಲೆ ಸಮನೆಲದ ಕಣದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟರು. ನೆಲ ಓರೆಯಾಗಿದ್ದರೆ ಎಣ್ಣೆಯ ಮಟ್ಟವೂ ಓರೆಯೇ. ಬರಿಯ ಜಾಕಿಯನ್ನು ನಂಬಿ ಗಾಡಿಯ ಅಡಿಗೆ ತಲೆಯೊಡ್ಡುವುದಂತೂ ಯಾರೂ ಮಾಡತಕ್ಕ ಕೆಲಸವಲ್ಲ.

ಹುಡುಗಿ ಆತುರದಿಂದ ಕೆಳಗಿನ ತಿರುಪಿಗೆ ಸ್ಪ್ಯಾನರು ಹಾಕಲು ಹೋದಾಗ ಡ್ರೈವರನು ತಡೆದನು.

"ಅದಲ್ಲಮ್ಮ, ಮೊದಲು ಮೇಲಿನದು."

"ಇಳಿಸುವುದು ಕೆಳಗಿನಿಂದ ಅಲ್ಲವೇನಣ್ಣ?"

"ಇಳಿಸುವುದು ಕೆಳಗಿನಿಂದಲೇ. ಆದರೆ ಎಣ್ಣೆಯೆಲ್ಲ ಇಳಿದ ಮೇಲೆ ತುಂಬುವ ತಿರುಪು ತುಕ್ಕು ಹಿಡಿದು ಬಿಚ್ಚದೆ ಹೋದರೆ? ಎಣ್ಣೆಯಿಲ್ಲದ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗುವ ಹಾಗೂ ಇಲ್ಲ."

ಹುಡುಗಿ ನಕ್ಕು ಸ್ಪ್ಯಾನರನ್ನು ಅವನ ಕೈಗೆ ಕೊಟ್ಟಳು. ಪುಸ್ತಕದಲ್ಲಿ ಒಂದು ಸಾಲಾಗಿ ಬರೆದಿರುವುದು ಕೈಯಲ್ಲಿ ಇಷ್ಟು ಅರ್ಥವನ್ನು ಹೊತ್ತಿರುತ್ತದೆ.

ಮೂರು ಬೋಗುಣಿಗಳನ್ನು ಸಾಲಾಗಿ ಇಟ್ಟರು. ಮೊದಲು ಟ್ರಾನ್ಸ್‌ಫರ್ ಕೇಸಿನದು. ಎಣ್ಣೆ ಹಳೆಯದಾಗಿ ಕಂದಿದ್ದರೂ ತಿಳಿಯಾಗಿತ್ತು. ಇಳಿಸುವ ತಿರುಪಿನ ತುದಿಯಲ್ಲಿ ಸಣ್ಣ ಅಯಸ್ಕಾಂತವೊಂದಿತ್ತು. ಸವೆದ ಲೋಹದ ಹುಡಿಯನ್ನು ಹಿಡಿದಿಡಲೆಂದೇ ಇರುವುದು ಅದು. ಅದಕ್ಕೆ ಮೆತ್ತಿಕೊಂಡಿದ್ದ ಬೂದುಬಣ್ಣದ ಸರಿಯನ್ನು ಹುಡುಗಿ ಎರಡು ಬೆರಳಲ್ಲಿ ಹೊಸೆದು ನೋಡಿದಳು. ಒದ್ದೆ ವಿಭೂತಿಯಂತೆ ನುಣ್ಣಗಿತ್ತು. ಹಲ್ಲು ಹಲ್ಲಿಗೆ ಉಜ್ಜುವಲ್ಲಿ ಇಷ್ಟು ಸವೆತ ಸಹಜ. ಉಗುರಿಗೆ ಸಿಕ್ಕುವಂಥ ಚೂರೋ ಚಕ್ಕೆಯೋ ಇದ್ದಿದ್ದರೆ ಭಯಪಡಬೇಕಾಗಿತ್ತು. ಒಣ ರಸ್ತೆಯಲ್ಲಿ ಬಿಗಿದು ಓಡಿಸಿ ಕೆಡಿಸಿದ ಪೆಟ್ಟಿಗೆಯಲ್ಲಿ ಅಂಥದು ಸಿಕ್ಕಬಹುದು. ಇಲ್ಲಿ ಒಂದೂ ಸಿಕ್ಕಲಿಲ್ಲ.

ಎರಡನೆಯದು ಮುಂದಿನ ಡಿಫರೆನ್ಷಿಯಲ್ಲು. ಎಣ್ಣೆ ಕಪ್ಪಗಿತ್ತು, ಗಂಧಕದ ನಾತ ಮೂಗಿಗೆ ಬಡಿಯಿತು, ಬೇರೆ ದೋಷವಿರಲಿಲ್ಲ.

ಈ ನಾತವೂ ಒಂದು ಕಾರಣವಿಟ್ಟುಕೊಂಡು ಬಂದುದು. 1920ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಹೈಪಾಯ್ಡ್ ಎಂಬ ಹಲ್ಲುಚಕ್ರಗಳಲ್ಲಿ ಚಿಕ್ಕ ಚಕ್ರವಾದ ಪಿನಿಯನ್ನು, ದೊಡ್ಡದಾದ ಕ್ರೌನಿನ ನಡುಗೆರೆಯಿಂದ ಸರಿದು ಕುಳಿತಿರುತ್ತದೆ. ಇದರಿಂದ ಹಲ್ಲುಗಳು ಬಲವಾಗಿಯೂ ಸದ್ದಿಲ್ಲದೆಯೂ ಕೂಡಿಕೊಳ್ಳುತ್ತವೆ. ಆದರೆ ಅವು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಉದ್ದಕ್ಕೂ ಜಾರುತ್ತವೆ. ಆ ಒತ್ತಡಕ್ಕೆ ಸಾಧಾರಣ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಆದಕಾರಣ ಗೇರೆಣ್ಣೆಗೆ ಗಂಧಕ, ರಂಜಕಗಳ ಸಂಯುಕ್ತಗಳನ್ನು ಬೆರೆಸುತ್ತಾರೆ. ಹಲ್ಲುಗಳು ಕಾದಾಗ ಅವು ಲೋಹದ ಮೈಗೆ ರಕ್ಷಣೆಯ ತೆಳು ಲೇಪವಾಗುತ್ತವೆ. ಡಬ್ಬಿಯ ಮೇಲಿನ 'ಜಿಎಲ್-4', 'ಜಿಎಲ್-5' ಎಂಬ ಗುರುತುಗಳು ಇಂಥ ತಾಳಿಕೆಯ ದರ್ಜೆಗಳು. ಐದು ನಾಲ್ಕಕ್ಕಿಂತ ದೊಡ್ಡದು, ಆದುದರಿಂದ ಎಲ್ಲೆಡೆಯೂ ಅದೇ ಮೇಲು ಎಂದು ತಿಳಿಯಬಾರದು. ಹಿತ್ತಾಳೆಯ ಭಾಗಗಳಿರುವ ಕೆಲವು ಗೇರುಪೆಟ್ಟಿಗೆಗಳಿಗೆ ಜಿಎಲ್-5 ಹೊಂದದು. ಕೆಲವು ಟ್ರಾನ್ಸ್‌ಫರ್ ಕೇಸುಗಳಿಗಂತೂ ಗೇರೆಣ್ಣೆಯೇ ಸಲ್ಲದು, ಸ್ವಯಂಚಾಲಿತ ಗೇರುಪೆಟ್ಟಿಗೆಗೆ ಹಾಕುವ ತೆಳುವಾದ ದ್ರವ ಬೇಕು. 80ಡಬ್ಲ್ಯು-90 ಎಂಬ ಸಂಖ್ಯೆಯನ್ನು ಕಂಡು ಅದು 40ರ ಎಂಜಿನ್ ಎಣ್ಣೆಯ ಎರಡರಷ್ಟು ಮಂದವೆಂದು ಭಾವಿಸುವುದೂ ತಪ್ಪು. ಗೇರೆಣ್ಣೆಯ ಅಳತೆಗೋಲೇ ಬೇರೆ, ನಿಜವಾಗಿ ಅವೆರಡರ ಮಂದತೆ ಹೆಚ್ಚುಕಡಮೆ ಸಮೀಪದ್ದೇ. ಗಾಡಿಯ ಜೊತೆಗೆ ಬಂದ ಕೈಪಿಡಿಯ ಮಾತೇ ಇಲ್ಲಿ ಪ್ರಮಾಣ.

ಇನ್ನು ಮೂರನೆಯ ಬೋಗುಣಿ. ಹಿಂದಿನ ಡಿಫರೆನ್ಷಿಯಲ್ಲಿನ ತಿರುಪು ಕಳಚಿಬಂದೊಡನೆ ಮೊದಲು ಒಂದಿಷ್ಟು ನೀರು ಸುರಿಯಿತು. ಹಿಂದೆಯೇ ಇಳಿದುದು ಎಣ್ಣೆಯಂತೆ ಕಾಣಿಸಲಿಲ್ಲ. ಹಾಲು ಹೆಚ್ಚಾದ ಕಾಫಿಯ ಬಣ್ಣ. ನೊರೆನೊರೆಯಾಗಿ, ಮಂದವಾಗಿ ಬೋಗುಣಿಯಲ್ಲಿ ತುಂಬಿಕೊಂಡಿತು. ಅಯಸ್ಕಾಂತದ ತುದಿಯಲ್ಲಿ ಬೂದಿಯ ಜೊತೆಗೆ ತುಕ್ಕಿನ ಕೆಂಪು.

ಡ್ರೈವರನು ಒಮ್ಮೆ ಬೋಗುಣಿಯನ್ನು ನೋಡಿದನು, ಒಮ್ಮೆ ಜಗಲಿಯ ಕಡೆ ನೋಡಿದನು. ಏನೂ ಹೇಳಲಿಲ್ಲ. ಹುಡುಗಿಯೇ ತಂದೆಯನ್ನು ಕರೆದಳು.

"ಹಳ್ಳದ ನೀರು ಒಳಗೆ ಹೋಗಿದೆ ಅಪ್ಪಯ್ಯ. ಎಲ್ಲಿಂದ ಹೋಯಿತೆಂದು ನೋಡಬೇಕು."

ಅಚ್ಚಿನ ಕವಚವು ಓಟದಲ್ಲಿ ಕಾಯುತ್ತದೆ. ಒಳಗಿನ ಗಾಳಿ ಹಿಗ್ಗುತ್ತದೆ. ಆ ಬಿಸಿ ಕವಚವು ತಣ್ಣನೆಯ ಹಳ್ಳದಲ್ಲಿ ಮುಳುಗಿದರೆ ಗಾಳಿ ಕುಗ್ಗಿ, ಹೊರಗಿನದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೀಗೆ ಎಳೆದುಕೊಳ್ಳುವಾಗ ನೀರಿಗೆ ಬದಲಾಗಿ ಗಾಳಿಯೇ ಬರಲೆಂದು, ಕವಚದ ನೆತ್ತಿಯಿಂದ ಎತ್ತರಕ್ಕೆ ಒಂದು ಸಣ್ಣ ರಬ್ಬರು ಕೊಳವೆಯನ್ನು ಏರಿಸಿರುತ್ತಾರೆ. ಬ್ರೀದರ್ ಎಂದು ಅದಕ್ಕೆ ಹೆಸರು. ಅಚ್ಚಿನ ಮೂಗು ಎಂದರೂ ಸರಿಯೆ. ಕೈದೀಪ ಹಿಡಿದು ನೋಡಿದಾಗ ಹಿಂದಿನ ಅಚ್ಚಿನ ಮೂಗು ಬುಡದಲ್ಲಿಯೇ ಹರಿದು, ರಬ್ಬರು ಒಣಗಿ ಸೀಳಿಹೋಗಿತ್ತು. ಜೂನ್ ತಿಂಗಳಿಂದ ದಿನಕ್ಕೆ ಎರಡು ಸಲ ಗಾಡಿ ಹಳ್ಳದಲ್ಲಿ ಮುಳುಗಿದಾಗಲೆಲ್ಲ ಅದು ನೀರು ಕುಡಿಯುತ್ತ ಬಂದಿತ್ತು.

"ಇದು ಹರಿದದ್ದು ನಿನಗೆ ಕಾಣಿಸಲಿಲ್ಲವೇನಯ್ಯ?" ಎಂದರು ಯಜಮಾನರು. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ.

"ಬೇಸಗೆಯಲ್ಲೇ ಹೇಳಿದ್ದೆ ಅಯ್ಯ."

"ನನಗೆ ಹೇಳಿದ ನೆನಪಿಲ್ಲ."

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಮನೆಯಾಕೆ ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ತಂದರು. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ, ಆಳುಗಳ ಮುಂಗಡ, ಎಲ್ಲವೂ ಅದರಲ್ಲಿಯೇ ಬರೆಯುವ ರೂಢಿ ಅವರದು. ಏಪ್ರಿಲ್ ಹಾಳೆಯ ಕೊನೆಯ ವಾರದಲ್ಲಿ ಪೆನ್ಸಿಲಿನಲ್ಲಿ ಹೀಗೆ ಬರೆದಿತ್ತು: "ಪಿಕಪ್ಪು, ಹಿಂದಿನ ಪೈಪು, ಎಣ್ಣೆ." ಅದರ ಮುಂದೆ ಒಂದು ಬಾಣದ ಗುರುತು. ಮೇ ಹಾಳೆಯಲ್ಲಿಯೂ ಅದೇ ಸಾಲು, ಅದೇ ಬಾಣ. ಜೂನಿನಲ್ಲಿ ಸಾಲೂ ಇಲ್ಲ, ಬಾಣವೂ ಇಲ್ಲ, ಮಳೆ ಹಿಡಿದಿತ್ತು.

"ನೀವೇ ಅಂದಿರಿ," ಎಂದರು ಆಕೆ ಮೆಲ್ಲಗೆ, "ಎಂಜಿನ್ ಎಣ್ಣೆ ಬದಲಿಸಿದ್ದೇವಲ್ಲ, ಅದೊಂದು ಮುಂದಿನ ತಿಂಗಳು ನೋಡೋಣ ಅಂತ."

ಯಜಮಾನರು ಕ್ಯಾಲೆಂಡರನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಬಳಿಕ ಅದನ್ನು ಹಿಂದಕ್ಕೆ ಕೊಟ್ಟು, ಮೂಡಿಗೆರೆಯ ಮೆಕ್ಯಾನಿಕ್‌ಗೆ ತಾವೇ ಫೋನು ಮಾಡಿದರು.

ಮರುದಿನ ಬಂದ ಮೆಕ್ಯಾನಿಕ್ ಹಿಂದಿನ ಕೂಟವನ್ನು ಬಿಚ್ಚಿದನು. ಬೇರಿಂಗುಗಳ ಮೈಯಲ್ಲಿ ತುಕ್ಕು ತಿಂದ ಕುಳಿಗಳಿದ್ದವು. ಸದ್ದು ಬರುತ್ತಿದ್ದುದು ಅಲ್ಲಿಂದ. ಕ್ರೌನಿಗೂ ಪಿನಿಯನ್ನಿಗೂ ಹಾನಿಯಾಗಿರಲಿಲ್ಲ. "ಇನ್ನು ಕೊಯಿಲು ಮುಗಿಯುವವರೆಗೆ ಹೀಗೇ ಓಡಿಸಿದ್ದರೆ ಎರಡೂ ಹೋಗುತ್ತಿದ್ದವು ಗೌಡರೇ, ಬೇರಿಂಗಿಗೆ ಮುಗಿಯಿತು, ನಿಮ್ಮ ಪುಣ್ಯ," ಎಂದನು. ಬೇರಿಂಗುಗಳೂ ಎಣ್ಣೆ ಸೋರದಂತೆ ತಡೆಯುವ ಸೀಲುಗಳೂ ಹೊಸವು ಬಂದವು. ಹರಿದ ಕೊಳವೆಯ ಬದಲು ಹೊಸ ಕೊಳವೆಯನ್ನು ಇನ್ನಷ್ಟು ಎತ್ತರಕ್ಕೆ ಏರಿಸಿ ಕಟ್ಟಲಾಯಿತು.

ಹೊಸ ಎಣ್ಣೆ ತುಂಬುವ ಕೆಲಸ ಮತ್ತೆ ಹುಡುಗಿಯದೂ ಡ್ರೈವರನದೂ. ತಿರುಪುಗಳನ್ನೂ ಅಯಸ್ಕಾಂತಗಳನ್ನೂ ಬಟ್ಟೆಯಿಂದ ಒರೆಸಿ, ಹಳೆಯ ವಾಷರುಗಳನ್ನು ಎಸೆದು ಹೊಸವನ್ನು ಹಾಕಿದರು. ಹಳೆಯ ವಾಷರು ಒಮ್ಮೆ ಒತ್ತಿ ಚಪ್ಪಟೆಯಾದ ಮೇಲೆ ಎರಡನೆಯ ಸಲ ಸರಿಯಾಗಿ ಕೂರುವುದಿಲ್ಲ. ಉಳಿಸಿದ ಕೆಲವೇ ರೂಪಾಯಿ ತೊಟ್ಟುತೊಟ್ಟಾಗಿ ಸೋರಿಹೋಗುತ್ತದೆ. ಕೆಳಗಿನ ತಿರುಪನ್ನು ಬಿಗಿದು, ಮೇಲಿನ ರಂಧ್ರಕ್ಕೆ ಕೈಪಂಪಿನ ಕೊಳವೆ ಇಟ್ಟು ಎಣ್ಣೆಯನ್ನು ಏರಿಸಿದರು. ಇಂಥ ಡಿಫರೆನ್ಷಿಯಲ್ಲುಗಳಿಗೆ ಸಾಮಾನ್ಯವಾಗಿ ಒಂದರಿಂದ ಮೂರು ಲೀಟರು ಹಿಡಿಯುತ್ತದೆ. ಅನೇಕ ಗಾಡಿಗಳಲ್ಲಿ ತುಂಬುವ ರಂಧ್ರವೇ ಅಳತೆಯ ಗುರುತು: ಎಣ್ಣೆ ಅದರ ಅಂಚಿಗೆ ಬಂದು ಹೊರಗೆ ಜಿನುಗಿದರೆ ಸಾಕಾಯಿತೆಂದು ಅರ್ಥ. ಹೆಚ್ಚು ತುರುಕಿದರೆ ಕಾದಾಗ ಸೀಲುಗಳನ್ನು ದಾಟಿ ಬ್ರೇಕಿನವರೆಗೂ ಹೋದೀತು. ಕಡಿಮೆಯಾದರೆ ಮೇಲಿನ ಹಲ್ಲುಗಳು ಒಣಗಿಯಾವು.

"ಅಣ್ಣ, ಮತ್ತೆ ಯಾವಾಗ ಬದಲಿಸಬೇಕು?"

"ಪುಸ್ತಕದಲ್ಲಿ ಕಿಲೋಮೀಟರು ಬರೆದಿದೆಯಮ್ಮ. ಅದು ರಸ್ತೆಯ ಮೇಲೆ ಓಡುವ ಗಾಡಿಗೆ. ಹಳ್ಳ ದಾಟುವ ಗಾಡಿಗೆ ಮಳೆಗಾಲವೇ ಲೆಕ್ಕ. ಮಳೆ ಮುಗಿದ ಕೂಡಲೇ ಒಂದು ಸಲ ತಿರುಪು ಬಿಚ್ಚಿ ಬಣ್ಣ ನೋಡಿಬಿಡಬೇಕು."

ಇಳಿಸಿದ ಎಣ್ಣೆಯ ಪ್ರಶ್ನೆಯೊಂದು ಉಳಿದಿತ್ತು. ಆಳೊಬ್ಬನು ಮೂರು ಬೋಗುಣಿಗಳನ್ನೂ ಹಳ್ಳದ ದಂಡೆಗೆ ಒಯ್ಯಲು ಎತ್ತಿಕೊಂಡಿದ್ದನು. ಹಿಂದಿನಿಂದ ನಡೆದುಬಂದ ಕ್ರಮವೇ ಅದು. ಹುಡುಗಿ ತಡೆದಳು. ಆ ಸೀಮೆಯ ಹಳ್ಳಗಳು ಹೇಮಾವತಿಯನ್ನು ಸೇರುತ್ತವೆ. ಹೇಮಾವತಿ ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಯನ್ನು ಸೇರುತ್ತದೆ. ಕಾವೇರಿಯ ನೀರು ಬೆಂಗಳೂರಿನ ನಲ್ಲಿಗಳಲ್ಲಿ ಬೀಳುತ್ತದೆ. "ನೀವು ಇಲ್ಲಿ ಸುರಿದದ್ದನ್ನು ನಾನು ಹಾಸ್ಟೆಲಿನಲ್ಲಿ ಕುಡಿಯಬೇಕೆ?" ಎಂದಳು ಅವಳು. ಬಳಸಿದ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸುತ್ತವೆ. ಅದು ಅಧಿಕೃತವಾಗಿ ಸಂಸ್ಕರಿಸುವವರಿಗೇ ಹೋಗತಕ್ಕದ್ದು. ಬೋಗುಣಿಗಳಲ್ಲಿದ್ದುದನ್ನು ಮುಚ್ಚಳದ ಡಬ್ಬಗಳಿಗೆ ತುಂಬಿ, ಅಂಥವರಿಗೆ ಒಪ್ಪಿಸುವ ಗ್ಯಾರೇಜಿಗೆ ಮೆಕ್ಯಾನಿಕ್‌ನ ಕೈಯಲ್ಲಿ ಕಳುಹಿಸಿದರು.

ಸಂಜೆ ಗಾಡಿಯನ್ನು ಓಡಿಸಿ ನೋಡಿದ್ದಾಯಿತು. ಹಿಂದಿನ ಮೊರೆತ ನಿಂತಿತ್ತು. ತಿರುಪುಗಳ ಸುತ್ತ ಒಣಗಿತ್ತು.

ಖರ್ಚಿನ ಚೀಟಿಯನ್ನು ಯಜಮಾನರು ತೋಟದ ಲೆಕ್ಕದ ಪುಸ್ತಕದಲ್ಲಿಯೇ ಬರೆದುಕೊಂಡರು. ಸಂಬಳದ ಮಾತನ್ನಾಗಲಿ, ಬೇರೆ ಕಡೆ ನೋಡಿಕೊಳ್ಳುವ ಮಾತನ್ನಾಗಲಿ ಯಾರೂ ಎತ್ತಲಿಲ್ಲ. ಹಿರಿಯರು ಕಿರಿಯರ ಮುಂದೆ ತಪ್ಪಾಯಿತೆಂದು ಹೇಳುವುದು ಆ ಮನೆಯಲ್ಲಿ ರೂಢಿಯಿರಲಿಲ್ಲ. ಹಬ್ಬದ ದಿನ ಬೆಳಗ್ಗೆ ಡ್ರೈವರನು ಬಂದಾಗ, ಅವರು ಜಗಲಿಯ ಮೊಳೆಯಿಂದ ಕೀಲಿಕೈಯನ್ನು ತಾವೇ ತೆಗೆದು ಅವನ ಕೈಗೆ ಕೊಟ್ಟು, "ಹುಡುಗನ ಕಾಲೇಜು ಹೇಗೆ ನಡೆಯುತ್ತಿದೆಯಯ್ಯ?" ಎಂದು ಕೇಳಿದರು.

ಹೊಸ ವರ್ಷದ ಕ್ಯಾಲೆಂಡರು ಬಂದಾಗ ಅಡಿಗೆಮನೆಯ ಗೋಡೆಯಲ್ಲಿ ಒಂದು ವ್ಯತ್ಯಾಸ ಕಾಣಿಸಿತು. ಏಪ್ರಿಲ್ ಹಾಳೆಯಲ್ಲಿ ಒಂದು ಸಾಲು, ಅಕ್ಟೋಬರ್ ಹಾಳೆಯಲ್ಲಿ ಒಂದು ಸಾಲು. ಎರಡೂ ಯಜಮಾನರ ಕೈಬರಹದಲ್ಲಿ, ಶಾಯಿಯಲ್ಲಿ. ಬಾಣದ ಗುರುತು ಎಲ್ಲಿಯೂ ಇರಲಿಲ್ಲ.